ಪಕ್ಕದ ಮನೆ ನೋಡಿ ನಡೆಯುವ ಮನೆ: ಪರಿಸರಸ್ನೇಹಿ ಆಯ್ಕೆಗಳ ಹಿಂದಿನ ಮನಸ್ಸು

ಮನೆಯಲ್ಲಿ ಕರೆಂಟ್ ಯಾಕೆ ಉಳಿಸುತ್ತೀರಿ ಎಂದು ಯಾರನ್ನಾದರೂ ಕೇಳಿ. ಬಿಲ್ಲು ಕಡಿಮೆಯಾಗಲಿ ಎಂದು ಕೆಲವರು ಹೇಳುತ್ತಾರೆ, ಪರಿಸರಕ್ಕೆ ಒಳ್ಳೆಯದು ಎಂದು ಕೆಲವರು, ಮಕ್ಕಳ ಕಾಲಕ್ಕೂ ಏನಾದರೂ ಉಳಿಯಬೇಕಲ್ಲ ಎಂದು ಮತ್ತೆ ಕೆಲವರು. ‘ಪಕ್ಕದ ಮನೆಯವರು ಉಳಿಸುತ್ತಾರೆ, ಅದಕ್ಕೇ ನಾವೂ’ ಎನ್ನುವವರು ಸಿಗುವುದು ಅಪರೂಪ. ಆದರೆ ಮನಶ್ಶಾಸ್ತ್ರಜ್ಞರೂ ಅರ್ಥಶಾಸ್ತ್ರಜ್ಞರೂ ಕಳೆದ ಇಪ್ಪತ್ತು ವರ್ಷಗಳಲ್ಲಿ ಜನ ವಾಸಿಸುವ ಮನೆಗಳಲ್ಲೇ, ಅವರ ಮೀಟರುಗಳನ್ನೇ ಓದಿ ನಡೆಸಿದ ಪ್ರಯೋಗಗಳಲ್ಲಿ ಮತ್ತೆ ಮತ್ತೆ ಎದ್ದು ಬಂದದ್ದು ಯಾರೂ ಹೇಳದ ಈ ಕಾರಣವೇ. ಕಸ ಬೇರ್ಪಡಿಸುವುದು, ಬಿಸಿನೀರಿಗೆ ಸೋಲಾರ್ ಹಾಕಿಸುವುದು, ಎ.ಸಿ.ಯನ್ನು ಎಷ್ಟು ಡಿಗ್ರಿಗೆ ಇಡುವುದು, ಮದುವೆಯ ಊಟಕ್ಕೆ ಸ್ಟೀಲ್ ಲೋಟವೋ ಪ್ಲಾಸ್ಟಿಕ್ ಬಾಟಲಿಯೋ ಎಂಬುದು, ಇವೆಲ್ಲ ಮನೆಯ ಸ್ವಂತ ನಿರ್ಧಾರಗಳಂತೆ ಕಾಣುತ್ತವೆ. ಇವುಗಳಲ್ಲಿ ಬೀದಿಯ ಪಾಲು ನಾವು ಅಂದುಕೊಂಡದ್ದಕ್ಕಿಂತ ದೊಡ್ಡದು.

ಗೊತ್ತಿರುವುದಕ್ಕೂ ಮಾಡುವುದಕ್ಕೂ ಇರುವ ದೂರ

ನೀರು ಪೋಲು ಮಾಡಬಾರದು, ಹಸಿ ಕಸ ಒಣ ಕಸ ಬೇರೆ ಬೇರೆ ಇಡಬೇಕು ಎನ್ನುವುದು ತಿಳಿಯದ ಮನೆ ಈಗ ಯಾವ ಊರಲ್ಲೂ ಸಿಗಲಿಕ್ಕಿಲ್ಲ. ಶಾಲೆಯ ಮಕ್ಕಳು ಇದರ ಮೇಲೆ ಪ್ರಬಂಧ ಬರೆದು ಬಹುಮಾನ ತರುತ್ತಾರೆ. ಅದೇ ಮನೆಯ ಸಿಂಕಿನ ಕೆಳಗೆ ಎಲ್ಲ ಕಸಕ್ಕೂ ಒಂದೇ ಡಬ್ಬಿ ಇರುತ್ತದೆ. ಆ ಮನೆಯವರಿಗೆ ಕಾಳಜಿ ಇಲ್ಲ ಎಂದು ತೀರ್ಮಾನಿಸುವುದು ಸುಲಭ, ಆದರೆ ಅದು ತಪ್ಪು.

ಅಮೆರಿಕದ ಮನಶ್ಶಾಸ್ತ್ರಜ್ಞ ಐಸೆಕ್ ಐಜೆನ್ 1991ರಲ್ಲಿ ವಿವರಿಸಿದ ‘ಯೋಜಿತ ವರ್ತನೆಯ ಸಿದ್ಧಾಂತ’ದ ಪ್ರಕಾರ, ಒಂದು ಕೆಲಸ ಮಾಡಬೇಕೆಂಬ ಇರಾದೆ ಮೂರು ಕಡೆಯಿಂದ ಬರುತ್ತದೆ. ಆ ಕೆಲಸದ ಬಗ್ಗೆ ನಮಗಿರುವ ಅಭಿಪ್ರಾಯ ಒಂದು. ನಮಗೆ ಬೇಕಾದವರು ನಮ್ಮಿಂದ ಏನು ನಿರೀಕ್ಷಿಸುತ್ತಾರೆ ಎಂಬ ನಮ್ಮ ಊಹೆ ಎರಡನೆಯದು. ಅದು ನಮ್ಮ ಕೈಲಾಗುತ್ತದೆ ಎಂಬ ನಂಬಿಕೆ ಮೂರನೆಯದು. ಸರ್ಕಾರಿ ಜಾಹೀರಾತುಗಳು ಬಹುಪಾಲು ಮೊದಲನೆಯದನ್ನಷ್ಟೇ ಮುಟ್ಟುತ್ತವೆ. ಭೂಮಿ ಬಿಸಿಯಾಗುತ್ತಿದೆ, ಕೆರೆ ಸಾಯುತ್ತಿದೆ ಎಂದು ಹೇಳಿ ಮುಗಿಸುತ್ತವೆ. ಇದರ ಜತೆಗೆ ರೂಢಿಯ ಬಲವೂ ಇದೆ. ಬೆಳಗ್ಗೆ ಎದ್ದವರು ನಿದ್ದೆಗಣ್ಣಲ್ಲೇ ಗೀಸರ್ ಸ್ವಿಚ್ ಒತ್ತುತ್ತಾರೆ. ಅಲ್ಲಿ ಅಭಿಪ್ರಾಯಕ್ಕೆ ಕೆಲಸವೇ ಇಲ್ಲ.

ಸ್ಯಾನ್ ಮಾರ್ಕೋಸ್‌ನ ಬಾಗಿಲುಗಳು

ಈ ವಿಷಯದಲ್ಲಿ ಎಲ್ಲರೂ ನೆನೆಯುವ ಪ್ರಯೋಗ ನಡೆದದ್ದು ಕ್ಯಾಲಿಫೋರ್ನಿಯಾದ ಸ್ಯಾನ್ ಮಾರ್ಕೋಸ್ ಎಂಬ ಊರಿನಲ್ಲಿ. ವೆಸ್ಲಿ ಶುಲ್ಟ್ಸ್, ಜೆಸಿಕಾ ನೋಲನ್, ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು ಅಲ್ಲಿನ ಸುಮಾರು 290 ಮನೆಗಳ ಬಾಗಿಲ ಹಿಡಿಗೆ ಚೀಟಿ ತೂಗುಹಾಕಿದರು. ಆ ಮನೆ ಎಷ್ಟು ವಿದ್ಯುತ್ ಬಳಸಿದೆ, ನೆರೆಹೊರೆಯ ಸರಾಸರಿ ಎಷ್ಟು ಎಂಬುದು ಅದರಲ್ಲಿತ್ತು. ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಸರಾಸರಿಗಿಂತ ಹೆಚ್ಚು ಬಳಸುತ್ತಿದ್ದ ಮನೆಗಳು ಬಳಕೆ ಇಳಿಸಿದವು. ಇದನ್ನು ಯಾರಾದರೂ ನಿರೀಕ್ಷಿಸಬಹುದಿತ್ತು. ಆದರೆ ಸರಾಸರಿಗಿಂತ ಕಡಿಮೆ ಬಳಸುತ್ತಿದ್ದ ಮನೆಗಳು ಚೀಟಿ ಓದಿದ ಮೇಲೆ ಬಳಕೆ ಏರಿಸಿದವು. ‘ನಾವೊಬ್ಬರೇ ಯಾಕೆ ಕಷ್ಟಪಡಬೇಕು’ ಎಂಬ ಭಾವ ಅವರಲ್ಲಿ ಮೂಡಿರಬೇಕು. ಸರಾಸರಿ ಎನ್ನುವುದು ಮೇಲಿದ್ದವರನ್ನು ಕೆಳಗೆ ಎಳೆದಷ್ಟೇ ಸಲೀಸಾಗಿ ಕೆಳಗಿದ್ದವರನ್ನು ಮೇಲಕ್ಕೂ ಎಳೆಯಿತು.

ಇದಕ್ಕೆ ಸಂಶೋಧಕರು ಮಾಡಿದ ಪರಿಹಾರ ತೀರಾ ಚಿಕ್ಕದು. ಇನ್ನೊಂದು ಗುಂಪಿನ ಚೀಟಿಗಳಲ್ಲಿ ಕಡಿಮೆ ಬಳಸುವವರಿಗೆ ಒಂದು ನಗುಮುಖ, ಹೆಚ್ಚು ಬಳಸುವವರಿಗೆ ಒಂದು ಸಪ್ಪೆ ಮುಖ ಬರೆದರು. ನಗುಮುಖ ಕಂಡ ಮನೆಗಳು ತಮ್ಮ ಕಡಿಮೆ ಬಳಕೆಯನ್ನು ಹಾಗೆಯೇ ಉಳಿಸಿಕೊಂಡವು. ಎಲ್ಲರೂ ಏನು ಮಾಡುತ್ತಿದ್ದಾರೆ ಎಂಬ ಸುದ್ದಿ ಒಂದು, ಎಲ್ಲರೂ ಏನನ್ನು ಮೆಚ್ಚುತ್ತಾರೆ ಎಂಬ ಸುದ್ದಿ ಇನ್ನೊಂದು. ಎರಡೂ ಒಂದೇ ದಿಕ್ಕಿಗೆ ಕೈ ತೋರಿಸಿದಾಗ ಮನೆ ಆ ದಿಕ್ಕಿಗೆ ನಡೆಯುತ್ತದೆ.

ಮರುವರ್ಷ ನೋಲನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ನನಗೆ ಇದಕ್ಕಿಂತಲೂ ಮುಖ್ಯವಾಗಿ ಕಾಣುತ್ತದೆ. ಬೇಸಿಗೆಯಲ್ಲಿ ಎ.ಸಿ. ಬದಲು ಫ್ಯಾನ್ ಬಳಸಿ ಎಂಬ ಕೋರಿಕೆಯನ್ನು ಅವರು ಬೇರೆ ಬೇರೆ ಕಾರಣ ಕೊಟ್ಟು ಮನೆಗಳಿಗೆ ಹಂಚಿದರು. ಕೆಲವರಿಗೆ ಹಣ ಉಳಿಯುತ್ತದೆ ಎಂದರು, ಕೆಲವರಿಗೆ ಪರಿಸರ ಉಳಿಯುತ್ತದೆ ಎಂದರು, ಕೆಲವರಿಗೆ ಮುಂದಿನವರ ಬಗ್ಗೆ ನಮಗಿರುವ ಹೊಣೆಯನ್ನು ನೆನಪಿಸಿದರು, ಕೆಲವರಿಗೆ ನಿಮ್ಮ ನೆರೆಯವರಲ್ಲಿ ಹೆಚ್ಚಿನವರು ಹೀಗೆ ಮಾಡುತ್ತಿದ್ದಾರೆ ಎಂದಷ್ಟೇ ತಿಳಿಸಿದರು. ಮೀಟರ್ ಹೆಚ್ಚು ಇಳಿದದ್ದು ನೆರೆಯವರ ಸುದ್ದಿ ಓದಿದ ಮನೆಗಳಲ್ಲಿ. ಆ ಮೇಲೆ ಅದೇ ಜನರನ್ನು ಕೇಳಿದಾಗ, ನೆರೆಯವರ ಮಾತು ತಮ್ಮನ್ನು ಅಷ್ಟಾಗಿ ಪ್ರೇರೇಪಿಸಲಿಲ್ಲ ಎಂದೇ ಅವರು ಭಾವಿಸಿದ್ದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ತಮ್ಮನ್ನು ನಡೆಸಿದ್ದು ಏನೆಂದು ಅವರಿಗೇ ತಿಳಿದಿರಲಿಲ್ಲ. ಯೋಜನೆ ರೂಪಿಸುವವರು ‘ನಿಮಗೆ ಏನು ಬೇಕು’ ಎಂದು ಜನರನ್ನು ಕೇಳಿ, ಬಂದ ಉತ್ತರದ ಮೇಲೇ ಪ್ರಚಾರ ಕಟ್ಟಿದರೆ ಅದು ಎಡವುವುದು ಇಲ್ಲಿಯೇ.

ಬಿಲ್ಲಿನ ಹಾಳೆಯ ಮೇಲೆ ನೆರೆಮನೆ

ಬಾಗಿಲ ಚೀಟಿಯ ವಿಚಾರ ಬೇಗನೇ ಉದ್ಯಮವಾಯಿತು. 2007ರಲ್ಲೇ ಅಮೆರಿಕದಲ್ಲಿ ಶುರುವಾದ ಓಪವರ್ ಎಂಬ ಕಂಪನಿ ವಿದ್ಯುತ್ ಕಂಪನಿಗಳ ಪರವಾಗಿ ಗ್ರಾಹಕರಿಗೆ ವರದಿ ಕಳಿಸತೊಡಗಿತು. ನಿಮ್ಮಷ್ಟೇ ದೊಡ್ಡ ಮನೆಯ ನೆರೆಯವರು ಎಷ್ಟು ಬಳಸಿದರು, ಅವರಲ್ಲಿ ಮಿತವಾಗಿ ಬಳಸುವವರು ಎಷ್ಟು ಬಳಸಿದರು, ನೀವು ಎಲ್ಲಿದ್ದೀರಿ ಎಂಬುದು ಅದರಲ್ಲಿರುತ್ತಿತ್ತು. ಸುಮಾರು 6 ಲಕ್ಷ ಮನೆಗಳ ಮಾಹಿತಿಯನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞ ಹಂಟ್ ಆಲ್ಕಾಟ್ 2011ರಲ್ಲಿ ತೋರಿಸಿದಂತೆ ಬಳಕೆ ಸರಾಸರಿ ಶೇ 2ರಷ್ಟು ಇಳಿದಿತ್ತು. ಮೊದಲು ಅತಿ ಹೆಚ್ಚು ಬಳಸುತ್ತಿದ್ದ ಹತ್ತನೇ ಒಂದು ಭಾಗದ ಮನೆಗಳಲ್ಲಿ ಇಳಿಕೆ ಶೇ 6ಕ್ಕೂ ಮಿಕ್ಕಿತ್ತು. ಶೇ 2 ಎಂದರೆ ಒಂದು ಮನೆಗೆ ಲೆಕ್ಕಕ್ಕೇ ಬರುವುದಿಲ್ಲ. ಒಂದು ಹಾಳೆ ಕಾಗದದ ಖರ್ಚಿನಲ್ಲಿ ಲಕ್ಷಾಂತರ ಮನೆಗಳಿಂದ ಅಷ್ಟು ಬಂದರೆ ವಿದ್ಯುತ್ ಕಂಪನಿಗೆ ಅದು ದೊಡ್ಡ ಮೊತ್ತ.

ನಮ್ಮ ದೇಶದ ಅನುಭವ ಬೇರೆಯೇ ಒಂದು ಪಾಠ ಹೇಳುತ್ತದೆ. ಅನಂತ್ ಸುದರ್ಶನ್ ದೆಹಲಿ ಭಾಗದ ಅಪಾರ್ಟ್‌ಮೆಂಟುಗಳಲ್ಲಿ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೆರೆಯವರೊಂದಿಗೆ ಹೋಲಿಸುವ ವಾರದ ವರದಿ ಪಡೆದ ಮನೆಗಳು ಬೇಸಿಗೆಯಲ್ಲಿ ಸುಮಾರು ಶೇ 7ರಷ್ಟು ಕಡಿಮೆ ವಿದ್ಯುತ್ ಬಳಸಿದವು. ಇನ್ನೊಂದು ಗುಂಪಿಗೆ ಅದೇ ವರದಿಯ ಜತೆ ಹಣದ ಪ್ರೋತ್ಸಾಹವನ್ನೂ ಕೊಟ್ಟು ನೋಡಿದರು. ಅಲ್ಲಿ ಉಳಿತಾಯವೇ ಕಾಣಲಿಲ್ಲ. ಎರಡು ಒಳ್ಳೆಯ ಕಾರಣ ಸೇರಿದರೆ ಫಲ ಎರಡರಷ್ಟಾಗಬೇಕು ಎಂಬ ಲೆಕ್ಕ ಇಲ್ಲಿ ನಡೆಯಲಿಲ್ಲ. ಹಣ ಬಂದ ಕೂಡಲೇ ಮರ್ಯಾದೆಯ ಪ್ರಶ್ನೆಯಾಗಿದ್ದದ್ದು ವ್ಯವಹಾರವಾಗುತ್ತದೆ. ವ್ಯವಹಾರದಲ್ಲಿ ‘ಇಷ್ಟು ಚಿಲ್ಲರೆಗೆ ಸೆಕೆಯಲ್ಲಿ ಯಾಕೆ ಬೇಯಬೇಕು’ ಎಂದು ಕೇಳುವುದು ನ್ಯಾಯವೇ.

ಕರ್ನಾಟಕದ ಗೃಹಜ್ಯೋತಿ ಯೋಜನೆಯನ್ನು ಈ ಬೆಳಕಿನಲ್ಲಿ ನೋಡಬಹುದು. 2023ರ ಜುಲೈನಲ್ಲಿ ಆರಂಭವಾದ ಈ ಯೋಜನೆಯಲ್ಲಿ ಪ್ರತಿ ಮನೆಗೂ 2022–23ರ ಸರಾಸರಿ ಬಳಕೆ ಮತ್ತು ಅದರ ಮೇಲೆ ಶೇ 10 ಸೇರಿಸಿ ಉಚಿತ ಮಿತಿ ನಿಗದಿಯಾಯಿತು. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು. ಬಡ ಮನೆಗಳಿಗೆ ಇದು ದೊಡ್ಡ ಆಸರೆ, ಅದರಲ್ಲಿ ಎರಡು ಮಾತಿಲ್ಲ. ಜತೆಗೆ ಹಿಂದೆಂದೂ ಯೂನಿಟ್ ಲೆಕ್ಕ ನೋಡದ ಎಷ್ಟೋ ಮನೆಗಳಲ್ಲಿ ‘ಇನ್ನೂರು ದಾಟಬಾರದು’ ಎಂಬ ಮಾತು ಬಳಕೆಗೆ ಬಂತು. ಮಿತಿಯೊಳಗೆ ಉಳಿಸಲು ಹಣದ ಕಾರಣ ಉಳಿಯಲಿಲ್ಲ, ಮಿತಿಯ ಹತ್ತಿರ ಬಂದವರಿಗೆ ಮಾತ್ರ ಗೆರೆ ಕಾಣುತ್ತದೆ. ಆ ಬಿಲ್ಲಿನಲ್ಲೇ ನಿಮ್ಮಂಥ ಮನೆಗಳು ಎಷ್ಟು ಬಳಸಿದವು ಎಂಬ ಒಂದು ಸಾಲು ಸೇರಿಸಿದರೆ, ದೆಹಲಿಯ ಅನುಭವದ ಮೇಲೆ ಹೇಳುವುದಾದರೆ, ಹಣ ಮುಟ್ಟದ ಜಾಗವನ್ನು ಅದು ಮುಟ್ಟಬಹುದು.

ಕಾಣುವುದು, ಕಾಣದಿರುವುದು

ನೆರೆಯವರ ಪ್ರಭಾವ ಕೆಲಸ ಮಾಡಬೇಕಾದರೆ ನೆರೆಯವರು ಮಾಡುವುದು ಕಾಣಬೇಕು. ಟೊಯೋಟಾ ಪ್ರಿಯಸ್ ಎಂಬ ಹೈಬ್ರಿಡ್ ಕಾರಿನ ಆಕಾರವೇ ಬೇರೆ, ದೂರದಿಂದಲೇ ಗುರುತು ಸಿಗುತ್ತದೆ. ಹೋಂಡಾ ಸಿವಿಕ್‌ನ ಹೈಬ್ರಿಡ್ ಮಾದರಿ ಸಾಮಾನ್ಯ ಸಿವಿಕ್‌ನಂತೆಯೇ ಇತ್ತು. ಪರಿಸರದ ಬಗ್ಗೆ ಕಾಳಜಿ ಇರುವವರು ಹೆಚ್ಚಿರುವ ಪ್ರದೇಶಗಳಲ್ಲಿ ಜನ ಪ್ರಿಯಸ್‌ಗೆ ಹೆಚ್ಚು ಬೆಲೆ ಕೊಡಲೂ ಸಿದ್ಧರಿದ್ದರು ಎಂದು 2014ರಲ್ಲಿ ಸ್ಟೀವನ್ ಸೆಕ್ಸ್‌ಟನ್ ಮತ್ತು ಆಲಿಸನ್ ಸೆಕ್ಸ್‌ಟನ್ ತೋರಿಸಿದರು. ಚಾವಣಿಯ ಸೋಲಾರ್ ಫಲಕಗಳೂ ಹಾಗೆಯೇ. ಕ್ಯಾಲಿಫೋರ್ನಿಯಾದ ಒಂದು ಬಡಾವಣೆಯಲ್ಲಿ ಒಬ್ಬರು ಹಾಕಿಸಿದರೆ ಅಲ್ಲಿ ಇನ್ನೊಬ್ಬರು ಹಾಕಿಸುವ ಸಾಧ್ಯತೆ ಹೆಚ್ಚುತ್ತದೆ ಎಂದು ಬ್ರಯನ್ ಬೊಲಿಂಜರ್ ಮತ್ತು ಕೆನೆತ್ ಗಿಲ್ಲಿಂಗ್‌ಹ್ಯಾಮ್ 2012ರಲ್ಲಿ ಕಂಡುಕೊಂಡರು.

ಕಾಣುವುದರ ಜತೆ ಹೇಳುವವರ ಯೋಗ್ಯತೆಯೂ ಲೆಕ್ಕಕ್ಕೆ ಬರುತ್ತದೆ. ಅಮೆರಿಕದ ಕನೆಕ್ಟಿಕಟ್ ರಾಜ್ಯದ 58 ಊರುಗಳಲ್ಲಿ ಸ್ಥಳೀಯ ಸ್ವಯಂಸೇವಕರು ಸೋಲಾರ್ ಪ್ರಚಾರ ಮಾಡಿದರು. ತಮ್ಮ ಮನೆಗೂ ಹಾಕಿಸಿಕೊಂಡಿದ್ದವರು, ಹಾಕಿಸಿಕೊಳ್ಳದೆ ಪ್ರಚಾರ ಮಾಡಿದವರಿಗಿಂತ ಸುಮಾರು ಶೇ 63ರಷ್ಟು ಹೆಚ್ಚು ಜನರನ್ನು ಒಪ್ಪಿಸಿದರು ಎಂದು 2018ರ ಅಧ್ಯಯನ ಹೇಳುತ್ತದೆ. ಆಡಿದಂತೆ ನಡೆಯುವವರ ಮಾತಿಗೆ ಬೆಲೆ ಹೆಚ್ಚು ಎಂದು ನಮ್ಮಲ್ಲಿ ಹಿರಿಯರು ಹೇಳುತ್ತ ಬಂದದ್ದಕ್ಕೆ ಇಲ್ಲೊಂದು ಅಳತೆ ಸಿಕ್ಕಿತು.

ಬೆಂಗಳೂರಿನ ತಾರಸಿಗಳ ಮೇಲಿನ ಸೋಲಾರ್ ವಾಟರ್ ಹೀಟರುಗಳಲ್ಲಿ ಕಾನೂನು ಮತ್ತು ನೆರೆಹೊರೆ ಎರಡೂ ಸೇರಿ ಕೆಲಸ ಮಾಡಿವೆ. ಹೊಸ ಮನೆಗಳಿಗೆ ಅದನ್ನು ಕಡ್ಡಾಯ ಮಾಡಿದ್ದು 2007ರ ಸರ್ಕಾರಿ ಆದೇಶ. ಬಿಲ್ಲಿನಲ್ಲಿ ಯೂನಿಟ್‌ಗೆ 50 ಪೈಸೆಯಂತೆ ತಿಂಗಳಿಗೆ ಗರಿಷ್ಠ 50 ರೂಪಾಯಿ ರಿಯಾಯಿತಿಯನ್ನೂ ಕೊಟ್ಟರು. 50 ರೂಪಾಯಿಗಾಗಿ ಯಾರೂ ಹೀಟರ್ ಹಾಕಿಸಲಿಲ್ಲ. ಆದರೆ ಸಾಲುಸಾಲು ತಾರಸಿಗಳ ಮೇಲೆ ಟ್ಯಾಂಕ್ ಕಂಡ ಮೇಲೆ ಮನೆ ಕಟ್ಟುವವರಿಗೆ ಸೋಲಾರ್ ಕೂಡ ಸಂಪು, ಓವರ್‌ಹೆಡ್ ಟ್ಯಾಂಕುಗಳಂತೆ ಮನೆಯ ಒಂದು ಭಾಗವಾಯಿತು.

ಕಾಣದಿರುವುದರ ಕಷ್ಟ ಬಾತ್‌ರೂಮಿನಲ್ಲಿ ಗೊತ್ತಾಗುತ್ತದೆ. ಒಂದು ಸ್ನಾನಕ್ಕೆ ಎಷ್ಟು ಬಿಸಿನೀರು ಹರಿಯಿತು ಎಂದು ಸ್ನಾನ ಮಾಡಿದವರಿಗೂ ಗೊತ್ತಿರುವುದಿಲ್ಲ. ವೆರೆನಾ ಟೀಫೆನ್‌ಬೆಕ್ ಮತ್ತು ಸಂಗಡಿಗರು ಸ್ವಿಟ್ಜರ್ಲೆಂಡಿನ ಮನೆಗಳಲ್ಲಿ ಶವರಿಗೆ ಒಂದು ಚಿಕ್ಕ ಮೀಟರ್ ಜೋಡಿಸಿದರು. ಲೀಟರ್ ಏರಿದಂತೆ ಅದರ ಪರದೆಯಲ್ಲಿ ಹಿಮಕರಡಿ ನಿಂತ ಹಿಮದ ತುಂಡು ಕರಗುತ್ತ ಹೋಗುತ್ತಿತ್ತು. ಶವರಿನ ಶಕ್ತಿ ಬಳಕೆ ಶೇ 22ರಷ್ಟು ಇಳಿಯಿತು. ಅಲ್ಲಿ ನೋಡಲು ನೆರೆಯವರಿರಲಿಲ್ಲ, ಹೆಚ್ಚಿನ ಉಪದೇಶವೂ ಇರಲಿಲ್ಲ. ಬಳಸುವ ಹೊತ್ತಿನಲ್ಲೇ ಲೆಕ್ಕ ಕಣ್ಣೆದುರಿಗಿತ್ತು, ಅಷ್ಟೆ.

ಎರಡು ಡಬ್ಬಿ, ಒಂದು ಚೀಲ

ಮನೆಯ ಆಯ್ಕೆಯ ಮೇಲೆ ಸಮಾಜದ ಒತ್ತಡ ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಸೋಲುತ್ತದೆ ಎಂದು ತಿಳಿಯಲು ಬೆಂಗಳೂರಿನ ಕಸದ ಕಥೆಗಿಂತ ಒಳ್ಳೆಯ ಪಾಠ ಇಲ್ಲ. ನಗರದ ಕಸ ಬಹುಕಾಲ ಮಾವಳ್ಳಿಪುರ, ಮಂಡೂರಿನಂಥ ಹಳ್ಳಿಗಳ ಪಕ್ಕ ಬೆಟ್ಟವಾಗಿ ಬೆಳೆಯಿತು. 2012ರಲ್ಲಿ ಮಾವಳ್ಳಿಪುರಕ್ಕೆ ಲಾರಿ ಹೋಗುವುದು ನಿಂತಾಗ ಕಸ ರಸ್ತೆಗಳಲ್ಲೇ ಕೊಳೆಯಿತು. ಮಂಡೂರಿನ ಜನ ದುರ್ನಾತ, ಕೆಟ್ಟ ನೀರು, ಕಾಯಿಲೆಗಳ ನಡುವೆ ಬದುಕಿ, ಹೋರಾಡಿ, 2014ರ ಡಿಸೆಂಬರ್ 1ರಿಂದ ಅಲ್ಲಿಗೆ ಕಸ ಬಾರದಂತೆ ಮಾಡಿಕೊಂಡರು. ಆಮೇಲೆ 2015ರ ಡಿಸೆಂಬರ್ 17ರ ಹೈಕೋರ್ಟ್ ಆದೇಶ ಒಂದು ಸರಳ ವ್ಯವಸ್ಥೆಗೆ ಮುದ್ರೆ ಒತ್ತಿತು. ಹಸಿ ಕಸಕ್ಕೆ ಹಸಿರು ಡಬ್ಬಿ, ಸ್ಯಾನಿಟರಿ ಪ್ಯಾಡ್, ಡೈಪರ್, ಬ್ಯಾಂಡೇಜಿನಂಥದಕ್ಕೆ ಕೆಂಪು ಡಬ್ಬಿ, ಒಣ ಕಸಕ್ಕೆ ಒಂದು ಚೀಲ. ಈ ಕ್ರಮವನ್ನು ಅದಕ್ಕೂ ಮೊದಲೇ ಕೆಲವು ಬಡಾವಣೆಗಳಲ್ಲಿ ಮಾಡಿ ತೋರಿಸಿದ್ದವರು ‘ಘನತ್ಯಾಜ್ಯ ನಿರ್ವಹಣೆಯ ದುಂಡುಮೇಜು’ ಎಂಬ ಗುಂಪಿನ ನಾಗರಿಕರು. ಅವರಲ್ಲಿ ಮನೆ ನಡೆಸುವ ಹೆಂಗಸರ ಪಾತ್ರ ದೊಡ್ಡದು.

ಬೆಳಗಿನ ಆಟೋ ಟಿಪ್ಪರ್ ಬೀದಿಗೆ ಬಂದಾಗ ಈ ವ್ಯವಸ್ಥೆಯ ಮನಶ್ಶಾಸ್ತ್ರ ಕಣ್ಣಿಗೇ ಕಾಣುತ್ತದೆ. ಹಾಡು ಕೇಳಿಸುತ್ತಲೇ ಗೇಟುಗಳು ತೆರೆಯುತ್ತವೆ. ಪೌರಕಾರ್ಮಿಕ ಮಹಿಳೆ ಡಬ್ಬಿಯ ಮುಚ್ಚಳ ತೆಗೆದು ನೋಡುತ್ತಾಳೆ. ತರಕಾರಿ ಸಿಪ್ಪೆಯ ನಡುವೆ ಹಾಲಿನ ಕವರ್ ಕಂಡರೆ ಕೈ ಹಾಕಿ ಎತ್ತಿ ಪಕ್ಕಕ್ಕಿಡುತ್ತಾಳೆ, ಇಲ್ಲವೇ ‘ಅಮ್ಮ, ಬೇರೆ ಮಾಡಿ ಕೊಡಿ’ ಎನ್ನುತ್ತಾಳೆ. ಆ ಹೊತ್ತಿಗೆ ಎದುರು ಮನೆಯವರೂ ಪಕ್ಕದ ಮನೆಯವರೂ ಅಲ್ಲೇ ನಿಂತಿರುತ್ತಾರೆ. ನಾಲ್ಕು ಜನರ ಮುಂದೆ ಡಬ್ಬಿ ತೆರೆಯುತ್ತದೆ ಎಂಬ ಒಂದೇ ಕಾರಣಕ್ಕೆ ಮರುದಿನ ಆ ಮನೆಯ ಹಾಲಿನ ಕವರ್ ಚೀಲಕ್ಕೆ ಹೋಗುತ್ತದೆ. ಕಸವನ್ನು ಬೇಸ್‌ಮೆಂಟಿನ ದೊಡ್ಡ ಡ್ರಮ್ಮಿಗೆ ಯಾರೂ ನೋಡದ ಹೊತ್ತಿನಲ್ಲಿ ಸುರಿಯುವ ಅಪಾರ್ಟ್‌ಮೆಂಟುಗಳಲ್ಲಿ ಈ ಒತ್ತಡವಿಲ್ಲ. ಮಹಡಿ ಮಹಡಿಗೆ ಹೋಗಿ ಬಾಗಿಲಲ್ಲೇ ಕಸ ಪಡೆಯುವ ಅಪಾರ್ಟ್‌ಮೆಂಟುಗಳಲ್ಲಿ ಇದೆ.

ಇದು ಮುರಿದುಬೀಳುವುದು ಒಂದು ವಾಕ್ಯದಲ್ಲಿ: ‘ನಾವು ಬೇರೆ ಮಾಡಿ ಕೊಟ್ಟರೂ ಅವರು ಎಲ್ಲ ಒಂದೇ ಗಾಡಿಗೆ ಸುರಿಯುತ್ತಾರೆ.’ ಕಸದ ಬಗ್ಗೆ ಮಾತೆತ್ತಿದರೆ ಯಾವ ಬಡಾವಣೆಯಲ್ಲೂ ಮೊದಲು ಕೇಳುವ ಮಾತು ಇದು. ಹೆಚ್ಚಿನ ಜನ ಸ್ವಾರ್ಥಿಗಳೂ ಅಲ್ಲ, ತ್ಯಾಗಿಗಳೂ ಅಲ್ಲ. ಉಳಿದವರು ತಮ್ಮ ಪಾಲಿನದು ಮಾಡುವ ತನಕ ತಾವೂ ಮಾಡುತ್ತಾರೆ, ಮೋಸ ಕಂಡ ದಿನ ಕೈಬಿಡುತ್ತಾರೆ. ಮನೆಯವರು ಬೇರ್ಪಡಿಸಿದ ಕಸವನ್ನು ಲಾರಿ ಒಂದೇ ದಿನ ಬೆರೆಸಿದರೂ ಸಾಕು, ತಿಂಗಳುಗಳ ತಿಳಿವಳಿಕೆ ಅಲ್ಲಿಗೆ ಮುಗಿಯಿತು. ಹಾಗಾಗಿ ಜನರ ಮನಸ್ಸು ಬದಲಾಯಿಸುವ ಮಾತು ಆಡುವ ಮೊದಲು ಗಾಡಿಯಲ್ಲಿ ಎರಡು ವಿಭಾಗ ಇದೆಯೇ, ಒಣ ಕಸ ಸಂಗ್ರಹ ಕೇಂದ್ರ ತೆರೆದಿದೆಯೇ ಎಂದು ನೋಡಬೇಕು. ಈ ಕೇಂದ್ರಗಳಲ್ಲಿ ಹಲವನ್ನು ನಡೆಸುತ್ತಿರುವವರು ‘ಹಸಿರು ದಳ’ದಂಥ ಸಂಘಟನೆಗಳೊಂದಿಗೆ ದುಡಿಯುವ, ಹಿಂದೆ ಬೀದಿಯಲ್ಲಿ ಚಿಂದಿ ಆಯುತ್ತಿದ್ದ ಜನ. ಬೇರ್ಪಟ್ಟ ಕಸ ಎಂದರೆ ಅವರ ಕೈಗೆ ಗಾಜು ಚುಚ್ಚದಿರುವುದು, ಅವರ ಮನೆಯ ಒಲೆ ಉರಿಯುವುದು.

ಇಲ್ಲಿ ಜಾತಿಯ ಮಾತನ್ನು ಬಿಟ್ಟು ಮುಂದೆ ಹೋಗಲಾಗದು. ಮಡಿ–ಮೈಲಿಗೆಯ ರೂಢಿಯಲ್ಲಿ ಬೆಳೆದ ಮನೆಗಳಲ್ಲಿ ಕಸ ಎನ್ನುವುದು ಹೊಸಿಲು ದಾಟಿದ ಕೂಡಲೇ ಬೇರೆ ಯಾರದೋ ಕೆಲಸ. ಅದನ್ನು ಮುಟ್ಟಿ ಬೇರ್ಪಡಿಸುವುದು ‘ನಮ್ಮಂಥವರು’ ಮಾಡುವಂಥದ್ದಲ್ಲ ಎಂಬ ಭಾವ ಬಾಯಿಗೆ ಬಾರದಿದ್ದರೂ ಕೈಯಲ್ಲಿದೆ. ಎಷ್ಟೋ ಮನೆಗಳಲ್ಲಿ ಬೇರ್ಪಡಿಸುವ ಕೆಲಸ ಮನೆಗೆಲಸದವರ ಮೇಲೆ ಬೀಳುತ್ತದೆ, ಹೊಗಳಿಕೆ ಮನೆಯೊಡತಿಗೆ ಸಲ್ಲುತ್ತದೆ. ಬಳಸಿದ ಪ್ಯಾಡನ್ನು ಕಾಗದದಲ್ಲಿ ಸುತ್ತಿ ಕೆಂಪು ಚುಕ್ಕೆ ಇಟ್ಟು ಕೊಡಿ ಎಂಬ ಅಭಿಯಾನ ಪುಣೆ, ಬೆಂಗಳೂರುಗಳಲ್ಲಿ ನಡೆದದ್ದು ಇದಕ್ಕಾಗಿಯೇ: ಆ ಕಟ್ಟನ್ನು ಇನ್ನೊಬ್ಬ ಹೆಂಗಸು ಬರಿಗೈಯಲ್ಲಿ ಬಿಚ್ಚಬೇಕಾಗಬಾರದು.

ಮನೆಯೊಳಗೆ ನಿರ್ಧಾರ ಯಾರದು?

ಮನೆಯನ್ನು ಒಂದೇ ಮನಸ್ಸಿನಂತೆ ಭಾವಿಸುವುದು ಇಂಥ ಅಧ್ಯಯನಗಳ ದೊಡ್ಡ ಕೊರತೆ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹೊಗೆ ಕಡಿಮೆ ಮಾಡುವ ಒಲೆಗಳ ಬಗ್ಗೆ ಗ್ರಾಂಟ್ ಮಿಲ್ಲರ್ ಮತ್ತು ಮುಷ್ಫಿಕ್ ಮೊಬಾರಕ್ ಅಧ್ಯಯನ ಮಾಡಿದಾಗ, ಆರೋಗ್ಯಕ್ಕೆ ಒಳ್ಳೆಯದಾದ ಒಲೆ ಬೇಕೆಂಬ ಆಸೆ ಹೆಂಗಸರಲ್ಲಿ ಹೆಚ್ಚಿತ್ತು. ಒಲೆಗೆ ಚಿಕ್ಕದಾದರೂ ಬೆಲೆ ಇಟ್ಟ ಕೂಡಲೇ ಆ ಆಸೆ ಖರೀದಿಯಾಗಿ ಬದಲಾಗಲಿಲ್ಲ. ಹಣ ಗಂಡಸರ ಕೈಯಲ್ಲಿತ್ತು, ಹೊಗೆ ಹೆಂಗಸರ ಕಣ್ಣಲ್ಲಿತ್ತು.

ಕರ್ನಾಟಕಕ್ಕೆ ಒಲೆಯ ಕಥೆ ಹಳೆಯದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರ ಮೂರು ಪಾತ್ರೆ ಇಡಬಹುದಾದ, ಸೌದೆ ಉಳಿಸುವ, ಹೊಗೆಯನ್ನು ಕೊಳವೆಯಿಂದ ಹೊರಗೆ ಕಳಿಸುವ ಅಸ್ತ್ರ ಒಲೆಯನ್ನು ರೂಪಿಸಿತು. 1980ರ ದಶಕದಲ್ಲಿ ಅದು ರಾಜ್ಯದ ಹಳ್ಳಿಹಳ್ಳಿಗೆ ಹೋಯಿತು. ವಿನ್ಯಾಸ ಒಳ್ಳೆಯದೇ. ಆದರೆ ಮುದ್ದೆ ತಿರುವುವಾಗ ಒಲೆಯ ಮೇಲೆ ಬೀಳುವ ಬಲ, ಕೊಳವೆಯ ಮಸಿ ತೆಗೆಯುವ ತಾಪತ್ರಯ, ಒಡೆದರೆ ಸರಿಪಡಿಸುವವರು ಯಾರೆಂಬ ಪ್ರಶ್ನೆ, ಇವೆಲ್ಲ ದಿನವೂ ಎದುರಾಗುವುದು ಅಡುಗೆ ಮಾಡುವವಳಿಗೆ. ಒಡಿಶಾದಲ್ಲಿ ಇಂಥದೇ ಒಲೆಗಳನ್ನು ನಾಲ್ಕು ವರ್ಷ ಹಿಂಬಾಲಿಸಿ ನೋಡಿದ ರೀಮಾ ಹನ್ನಾ, ಎಸ್ತರ್ ಡುಫ್ಲೊ, ಮೈಕಲ್ ಗ್ರೀನ್‌ಸ್ಟೋನ್ ಅವರಿಗೆ ಕಂಡದ್ದೂ ಅದೇ. ಮೊದಲ ವರ್ಷದ ಲಾಭ ಮುಂದೆ ಉಳಿಯಲಿಲ್ಲ, ಜನ ಒಲೆಯನ್ನು ಸರಿಯಾಗಿ ಇಟ್ಟುಕೊಳ್ಳಲೂ ಇಲ್ಲ, ನಿಯಮಿತವಾಗಿ ಬಳಸಲೂ ಇಲ್ಲ.

ಮದುವೆಮನೆಯ ನೀರಿನ ಬಾಟಲಿ

ದಿನನಿತ್ಯ ಮಿತವಾಗಿ ಬದುಕುವ ಮನೆಯೂ ಮದುವೆಯ ದಿನ ಬೇರೆಯಾಗುತ್ತದೆ. ಬಾಳೆಎಲೆಯ ತುದಿಯಲ್ಲಿ ಒಂದೊಂದು ಚಿಕ್ಕ ನೀರಿನ ಬಾಟಲಿ. ಎರಡು ಗುಟುಕು ಕುಡಿದು ಎದ್ದು ಹೋದವರ ಹಿಂದೆ ಅರ್ಧ ತುಂಬಿದ ಬಾಟಲಿಗಳ ಸಾಲು, ಮುಂದಿನ ಪಂಕ್ತಿಗೆ ಮತ್ತೆ ಹೊಸ ಬಾಟಲಿಗಳು. ಇದು ಬೇಡ ಎಂದು ಮನೆಯವರಿಗೇ ಅನಿಸಿದರೂ ‘ಬೀಗರು ಏನಂದುಕೊಂಡಾರು’ ಎಂಬ ಅಳುಕು ಗೆಲ್ಲುತ್ತದೆ. ಅತಿಥಿಗೆ ಕೊಡುವುದರಲ್ಲಿ ಜಿಪುಣತನ ಕಾಣಬಾರದು ಎಂಬುದು ನಮ್ಮಲ್ಲಿ ಆಳವಾದ ಮೌಲ್ಯ. ಪರಿಸರದ ಹೆಸರಲ್ಲಿ ಅದಕ್ಕೆ ಎದುರು ನಿಂತರೆ ಸೋಲು ಖಚಿತ.

ಗೆದ್ದಿರುವ ಕಡೆಗಳಲ್ಲಿ ಆ ಮೌಲ್ಯವನ್ನೇ ಬಳಸಿಕೊಂಡಿದ್ದಾರೆ. ಬೆಂಗಳೂರಿನ ಅದಮ್ಯ ಚೇತನ ಸಂಸ್ಥೆ ಸ್ಟೀಲ್ ತಟ್ಟೆ, ಲೋಟಗಳ ‘ಪ್ಲೇಟ್ ಬ್ಯಾಂಕ್’ ನಡೆಸುತ್ತದೆ. ಸಮಾರಂಭಕ್ಕೆ ಒಯ್ದು ಬಳಸಿ ತಿರುಗಿಸಿದರಾಯಿತು. ಸ್ಟೀಲ್ ಲೋಟದಲ್ಲಿ ನೀರು ಬಡಿಸುವುದು ಬಾಟಲಿಗಿಂತ ಹೆಚ್ಚಿನ ಉಪಚಾರ, ಬಡಿಸುವವರು ಬಂದು ಕೇಳಿ ಹಾಕಬೇಕಲ್ಲ! ಕೇರಳದ ಶುಚಿತ್ವ ಮಿಷನ್ 2015ರ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ‘ಗ್ರೀನ್ ಪ್ರೊಟೊಕಾಲ್’ ಜಾರಿಗೆ ತಂದು, ಆಮೇಲೆ ಮದುವೆಗಳಿಗೂ ಅದನ್ನು ಹರಡಿತು. ನಿಯಮ ಎಲ್ಲರಿಗೂ ಒಂದೇ ಆದಾಗ ಮೊದಲಿಗರಾಗುವ ಅಳುಕು ಯಾರಿಗೂ ಇರುವುದಿಲ್ಲ.

ನಾಚಿಕೆಯ ಹತಾರ

ಹೊಗಳಿಕೆ ಕೆಲಸ ಮಾಡುವುದಾದರೆ ಅವಮಾನ ಇನ್ನೂ ಬೇಗ ಮಾಡೀತು ಎಂದು ಆಡಳಿತಗಾರರಿಗೆ ಅನಿಸುವುದುಂಟು. ಬೆಂಗಳೂರಿನಲ್ಲಿ 2025ರ ಅಕ್ಟೋಬರ್ ಕೊನೆಯಲ್ಲಿ ರಸ್ತೆಬದಿ ಕಸ ಎಸೆದವರನ್ನು ಪತ್ತೆಹಚ್ಚಿ ಅವರ ಮನೆ ಮುಂದೆಯೇ ಕಸ ಸುರಿದದ್ದು ದೊಡ್ಡ ಸುದ್ದಿಯಾಯಿತು. ಹೀಗೆ ಕಸ ಗುಡ್ಡೆಯಾಗುವ ‘ಬ್ಲ್ಯಾಕ್ ಸ್ಪಾಟ್‌’ಗಳ ಪಕ್ಕ ಬದುಕುವವರಿಗೆ ಅದರಿಂದ ಸಮಾಧಾನವಾಗಿದ್ದು ಸಹಜ. ಆದರೆ ಬೆಳಗಿನ ಗಾಡಿ ಬರುವ ಮೊದಲೇ ಕೆಲಸಕ್ಕೆ ಹೊರಡುವ ಗಾರ್ಮೆಂಟ್ಸ್ ಕಾರ್ಮಿಕರು, ವಠಾರದಲ್ಲಿ ಡಬ್ಬಿ ಇಡಲು ಜಾಗವಿಲ್ಲದವರು, ಇವರ ಮೇಲೆ ನಾಚಿಕೆ ಹೇರುವುದರಿಂದ ಗಾಡಿಯ ಸಮಯ ಬದಲಾಗುವುದಿಲ್ಲ. ಅವಮಾನ ಬೇಗ ತಟ್ಟುವುದು ತಪ್ಪಿಸಿಕೊಳ್ಳಲು ದಾರಿಯಿಲ್ಲದವರಿಗೆ.

ಕೇಪ್‌ಟೌನ್ ನಗರ ಬೇರೆ ದಾರಿ ಹಿಡಿಯಿತು. ನೀರು ಸಂಪೂರ್ಣ ನಿಲ್ಲುವ ‘ಡೇ ಝೀರೊ’ ಎದುರಿಗಿದ್ದ 2018ರ ಜನವರಿಯಲ್ಲಿ ಅದು ಒಂದು ನಕ್ಷೆ ಪ್ರಕಟಿಸಿತು. ತಿಂಗಳಿಗೆ 6,000 ಲೀಟರ್‌ಗಿಂತ ಕಡಿಮೆ ಬಳಸಿದ ಮನೆಗಳ ಮೇಲೆ ಗಾಢ ಹಸಿರು ಚುಕ್ಕೆ, 10,500 ಲೀಟರ್‌ವರೆಗಿನವರಿಗೆ ತಿಳಿ ಹಸಿರು ಚುಕ್ಕೆ. ಅದಕ್ಕಿಂತ ಹೆಚ್ಚು ಬಳಸಿದವರಿಗೆ ಕೆಂಪು ಚುಕ್ಕೆ ಇಡಲಿಲ್ಲ, ಯಾವ ಚುಕ್ಕೆಯನ್ನೂ ಇಡಲಿಲ್ಲ. ಖಾಸಗಿತನದ ಆಕ್ಷೇಪಗಳು ಬಂದವು. ಬಳಕೆ ಇಳಿಸುವುದರಲ್ಲಿ ದರ ಏರಿಕೆ, ನೀರು ತಡೆಯುವ ಸಾಧನಗಳು, ದಿನಕ್ಕೆ ತಲಾ 50 ಲೀಟರ್ ಮಿತಿ, ಇವುಗಳ ಪಾಲೂ ಇತ್ತು. ಕೆಲವೇ ವರ್ಷಗಳಲ್ಲಿ ನಗರದ ನೀರಿನ ಬಳಕೆ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು, ‘ಡೇ ಝೀರೊ’ ಬರಲಿಲ್ಲ.

ಸುದ್ದಿ ಹೇಳುವ ರೀತಿಯಲ್ಲೂ ಅಪಾಯವಿದೆ. ಅರಿಜೋನಾದ ಶಿಲಾರಣ್ಯ ಉದ್ಯಾನದಲ್ಲಿ ಚಾಲ್ಡೀನಿ ತಂಡ ನಡೆಸಿದ ಪ್ರಯೋಗದಲ್ಲಿ ‘ಬಹಳ ಜನ ಇಲ್ಲಿಂದ ಶಿಲೆಯಾದ ಮರದ ತುಂಡು ಕದಿಯುತ್ತಾರೆ’ ಎಂಬ ಅರ್ಥದ ಫಲಕ ಇಟ್ಟಾಗ ಕಳವು ಸುಮಾರು ಶೇ 8. ‘ದಯವಿಟ್ಟು ಒಯ್ಯಬೇಡಿ’ ಎಂದಷ್ಟೇ ಹೇಳಿದಾಗ ಶೇ 2ಕ್ಕಿಂತ ಕಡಿಮೆ. ‘ನಗರದಲ್ಲಿ ಯಾರೂ ಕಸ ಬೇರ್ಪಡಿಸುತ್ತಿಲ್ಲ’ ಎಂದು ಕಾಳಜಿಯಿಂದಲೇ ಬರೆಯುವ ಪತ್ರಿಕೆಗಳು ಇದನ್ನು ನೆನಪಿಡಬೇಕು. ಮಾಡುವವರು ಇನ್ನೂ ಕಡಿಮೆ ಇರುವಲ್ಲಿ, ಅವರ ಸಂಖ್ಯೆ ಏರುತ್ತಿದೆ ಎಂದು ಹೇಳುವುದು ಹೆಚ್ಚು ಫಲ ಕೊಡುತ್ತದೆ. ಗ್ರೆಗ್ ಸ್ಪಾರ್ಕ್‌ಮನ್ ಮತ್ತು ಗ್ರೆಗರಿ ವಾಲ್ಟನ್ 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಈಚೆಗೆ ಶೇ 30ರಷ್ಟು ಜನ ಮಾಂಸ ಕಡಿಮೆ ಮಾಡತೊಡಗಿದ್ದಾರೆ ಎಂದು ಓದಿದವರು, ಶೇ 30ರಷ್ಟು ಜನ ಕಡಿಮೆ ತಿನ್ನುತ್ತಾರೆ ಎಂದು ಓದಿದವರಿಗಿಂತ ಎರಡು ಪಟ್ಟು ಹೆಚ್ಚಾಗಿ ಮಾಂಸವಿಲ್ಲದ ಊಟ ತೆಗೆದುಕೊಂಡರು.

ಒಂದು ಒಳ್ಳೆಯ ಕೆಲಸ ಇನ್ನೊಂದಕ್ಕೆ ರಜೆ ಕೊಡುವುದೂ ಉಂಟು. ಮ್ಯಾಸಚೂಸೆಟ್ಸ್‌ನ 154 ಅಪಾರ್ಟ್‌ಮೆಂಟುಗಳಲ್ಲಿ ನೀರು ಉಳಿಸುವ ಅಭಿಯಾನ ನಡೆದಾಗ ನೀರಿನ ಬಳಕೆ ಶೇ 6ರಷ್ಟು ಇಳಿಯಿತು. ಅದೇ ಮನೆಗಳಲ್ಲಿ ವಿದ್ಯುತ್ ಬಳಕೆ ಶೇ 5.6ರಷ್ಟು ಏರಿತ್ತು.

ಕೇಳದೆಯೇ ಆಗುವ ಆಯ್ಕೆ

ಮನಸ್ಸನ್ನು ಒಲಿಸಿಕೊಳ್ಳುವ ಗೋಜಿಗೇ ಹೋಗದ ಒಂದು ಉಪಾಯವೂ ಇದೆ. ಏನೂ ಮಾಡದೆ ಸುಮ್ಮನಿದ್ದರೆ ಆಗುವ ಆಯ್ಕೆಯನ್ನೇ ಒಳ್ಳೆಯದಾಗಿಸುವುದು. ಜರ್ಮನಿಯ ಸುಮಾರು 40 ಸಾವಿರ ಮನೆಗಳ ಮೇಲೆ ಫೆಲಿಕ್ಸ್ ಎಬೆಲಿಂಗ್ ಮತ್ತು ಸೆಬಾಸ್ಟಿಯನ್ ಲೋಟ್ಸ್ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಂಪರ್ಕ ಪಡೆಯುವಾಗ ಹಸಿರು ವಿದ್ಯುತ್ತಿಗೆ ಮೊದಲೇ ಗುರುತು ಹಾಕಿಟ್ಟಿದ್ದರೆ ಅದನ್ನು ಒಪ್ಪುವವರು ಸುಮಾರು ಹತ್ತು ಪಟ್ಟಾದರು. ನಮ್ಮಲ್ಲಿ ಇಂಧನ ದಕ್ಷತಾ ಬ್ಯೂರೊ 2020ರ ಜನವರಿ 1ರಿಂದ ಕೊಠಡಿಯ ಎ.ಸಿ.ಗಳು ಚಾಲೂ ಆಗುವಾಗ 24 ಡಿಗ್ರಿಯಲ್ಲೇ ಇರಬೇಕೆಂದು ಮಾಡಿತು. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆ ಎಂಬುದು ಬ್ಯೂರೊದ ಲೆಕ್ಕ. ರಿಮೋಟ್ ನಮ್ಮ ಕೈಯಲ್ಲೇ ಇದೆ, ಇಳಿಸಿಕೊಳ್ಳಬಹುದು. ಎಷ್ಟೋ ಜನ ಆ ಗುಂಡಿ ಒತ್ತುವುದಿಲ್ಲ.

ಬಾಡಿಗೆ ಮನೆಗಳಲ್ಲಿ ಮಾತ್ರ ಹೋಲಿಕೆ, ಹೊಗಳಿಕೆ ಎರಡೂ ಅರ್ಧ ದಾರಿಯಲ್ಲೇ ನಿಲ್ಲುತ್ತವೆ. ಬೆಂಗಳೂರಿನಂಥ ನಗರದಲ್ಲಿ ಬಿಲ್ಲು ಕಟ್ಟುವವರು ಒಬ್ಬರು, ತಾರಸಿಯ ಒಡೆಯರು ಇನ್ನೊಬ್ಬರು. ಬಾಡಿಗೆದಾರರಿಗೆ ಸೋಲಾರ್ ಬೇಕೆನಿಸಿದರೂ ಹಾಕಿಸುವ ಹಕ್ಕಿಲ್ಲ, ಮಾಲೀಕರಿಗೆ ಹಾಕಿಸುವ ಹಕ್ಕಿದ್ದರೂ ಉಳಿಯುವ ಹಣ ಅವರದಲ್ಲ. ಸೋಲಾರ್ ಹೀಟರ್ ಇದ್ದರೆ ಮಾತ್ರ ಹೊಸ ಕಟ್ಟಡಕ್ಕೆ ವಿದ್ಯುತ್ ಸಂಪರ್ಕ ಎಂಬ ಷರತ್ತು ಈ ಗಂಟನ್ನು ಕಟ್ಟುವ ಹಂತದಲ್ಲೇ ಬಿಚ್ಚಿತು. ಹಳೆಯ ಕಟ್ಟಡಗಳ ಬಾಡಿಗೆ ಮನೆಗಳಿಗೆ ಅಂಥ ಷರತ್ತು ತಗಲುವುದಿಲ್ಲ, ಅಲ್ಲಿ ಬೆಳಗಿನ ಬಿಸಿನೀರು ಇವತ್ತಿಗೂ ಗೀಸರಿನಿಂದಲೇ ಬರುತ್ತಿದೆ.